ಗೋಲ್ ಲೆಕ್ಕ ಸಾಕು, ಮಿಯಾ ಹ್ಯಾಮ್ ಎಲ್ಲಿ?

ನಮಸ್ಕಾರ. ಅಮೆರಿಕದ ಫುಟ್‌ಬಾಲ್ ಆಟಗಾರ್ತಿ ಮಿಯಾ ಹ್ಯಾಮ್ ಬಗ್ಗೆ ನೀವು ಕಳ್ಸಿದ ಲೇಖನ ಓದಿದೆ. ನೇರವಾಗಿ ಹೇಳ್ಬಿಡ್ತೀನಿ, ಬೇಜಾರ್ ಮಾಡ್ಕೋಬೇಡಿ, ಈಗ ಇರೋ ಹಾಗೆ ಹಾಕೋಕಾಗಲ್ಲ. ಮಾಹಿತಿ ತಪ್ಪು ಅಂತಲ್ಲ. 158 ಅಂತರರಾಷ್ಟ್ರೀಯ ಗೋಲು, 1991 ಮತ್ತೆ 1999ರ ವರ್ಲ್ಡ್ ಕಪ್, 1996 ಮತ್ತೆ 2004ರ ಒಲಿಂಪಿಕ್ಸ್ ಚಿನ್ನ, 2001, 2002ರಲ್ಲಿ ಫಿಫಾ ಪ್ರಶಸ್ತಿ ಎಲ್ಲ ಸರಿಯಾಗೇ ಇದೆ, ಆದ್ರೆ ಮೊದಲರ್ಧ ಪೂರ್ತಿ ಅದೇ ಆದ್ರೆ ಮದುವೆ ಮನೆ ಸಾಮಾನಿನ ಪಟ್ಟಿ ಓದಿದ ಹಾಗಾಗುತ್ತೆ, ಅದನ್ನ ಜನ ಫೋನಲ್ಲೇ ನೋಡ್ಕೋತಾರೆ. ಇನ್ನು "ಧ್ರುವತಾರೆ", "ಮೈದಾನದ ಮಿಂಚು" ಇವೆಲ್ಲ ದಯವಿಟ್ಟು ಕಿತ್ತಾಕಿ.

ನಿಮ್ಮ ಲೇಖನದಲ್ಲಿ ಒಂದು ಒಳ್ಳೇ ಸಂಗತಿ ಇದೆ, ಅದನ್ನ ನೀವೇ ಬ್ರಾಕೆಟ್ ಒಳಗೆ ತುರುಕಿದೀರ! 1995, ಸ್ವೀಡನ್‌ನಲ್ಲಿ ವರ್ಲ್ಡ್ ಕಪ್, ಎದುರಿಗೆ ಡೆನ್ಮಾರ್ಕ್. ಅಮೆರಿಕದ ಗೋಲ್‌ಕೀಪರ್ ಬ್ರಿಯಾನಾ ಸ್ಕರಿ ಬಾಲ್ ಎಸೆಯೋವಾಗ ಕೈ ಪೆನಾಲ್ಟಿ ಬಾಕ್ಸ್ ಗೆರೆ ದಾಟ್ತು ಅಂತ ರೆಫ್ರಿ ರೆಡ್ ಕಾರ್ಡ್ ತೋರಿಸ್ತಾರೆ, ಸಬ್‌ಸ್ಟಿಟ್ಯೂಟ್ ಇಳಿಸೋಕೂ ಅವಕಾಶ ಉಳಿದಿಲ್ಲ, ಆಗ ಕೀಪರ್ ಜರ್ಸಿ ಹಾಕ್ಕೊಂಡು ಹೋಗಿ ನಿಂತಿದ್ದು ಗೋಲ್ ಹೊಡೆಯೋಕೇ ಹೆಸರಾದ ಹ್ಯಾಮ್. ಒಂದು ಗೋಲೂ ಬಿಡಲಿಲ್ಲ, ಅಮೆರಿಕ 2-0 ಗೆಲ್ತು. ಲೇಖನ ಇಲ್ಲಿಂದ ಶುರು ಮಾಡಿ ಸ್ವಾಮಿ.

1999ರ ವರ್ಲ್ಡ್ ಕಪ್ ಫೈನಲ್‌ನಲ್ಲಿ ಪೆನಾಲ್ಟಿ ಶೂಟೌಟ್‌ನ ಗೆಲುವಿನ ಕಿಕ್ ಹೊಡೆದು ಬ್ರ್ಯಾಂಡಿ ಚಾಸ್ಟೇನ್ ಜರ್ಸಿ ಬಿಚ್ಚಿದ ಫೋಟೋ ಬಗ್ಗೇನೇ ಉದ್ದಕ್ಕೆ ಬರ್ದಿದೀರ. ಅದಕ್ಕೆ ಮುಂಚಿನ ಅಮೆರಿಕದ ಕಿಕ್ ಯಾರದ್ದು? ಹ್ಯಾಮ್‌ದೇ. ರೋಸ್ ಬೌಲ್ ಸ್ಟೇಡಿಯಂನಲ್ಲಿ 90 ಸಾವಿರ ಚಿಲ್ಲರೆ ಜನ ನೋಡ್ತಿದ್ರು, ಪೆನಾಲ್ಟಿ ಅಂದ್ರೆ ಹ್ಯಾಮ್‌ಗೆ ಅಷ್ಟಕ್ಕಷ್ಟೇ, ಆದ್ರೂ ಹೋಗಿ ಹೊಡೆದ್ರು, ಗೋಲಾಯ್ತು. ನಿಮ್ಮ ನಾಯಕಿನ ಬಿಟ್ಟು ಪಕ್ಕದವರ ಫೋಟೋ ಹಿಂದೆ ಯಾಕೆ ಓಡ್ತೀರ?

ಕೊನೇ ಭಾಗಕ್ಕೆ "ಪರಂಪರೆ" ಅಂತ ಹೆಡ್ಡಿಂಗ್ ಕೊಟ್ಟು ಲಕ್ಷಾಂತರ ಹುಡುಗಿಯರಿಗೆ ಸ್ಫೂರ್ತಿ ಅಂದಿದೀರ. ಹೇಗೆ ಅಂತ ಹೇಳಿ. ಸರ್ಕಾರದ ದುಡ್ಡು ತಗೊಳೋ ಶಾಲೆ ಕಾಲೇಜುಗಳು ಹೆಣ್ಣು ಗಂಡು ಅಂತ ಭೇದ ಮಾಡೋ ಹಾಗಿಲ್ಲ ಅನ್ನೋ ಅಮೆರಿಕದ ಟೈಟಲ್ ನೈನ್ ಕಾನೂನು ಬಂದಿದ್ದು 1972ರಲ್ಲಿ, ಹ್ಯಾಮ್ ಹುಟ್ಟಿದ್ದೂ ಅದೇ ವರ್ಷ, ಆ ಕಾನೂನಿಂದ ಬೆಳೆದ ಕಾಲೇಜ್ ಫುಟ್‌ಬಾಲ್‌ನಲ್ಲೇ ಅವರು ನಾರ್ತ್ ಕೆರೊಲಿನಾಗೆ ಆಡಿ ನಾಲ್ಕು ಸಲ ಚಾಂಪಿಯನ್ ಆಗಿದ್ದು. ಅವರನ್ನೇ ಮುಂದಿಟ್ಕೊಂಡು 2001ರಲ್ಲಿ ಡಬ್ಲ್ಯುಯುಎಸ್ಎ ಅನ್ನೋ ಹೆಂಗಸರ ವೃತ್ತಿಪರ ಫುಟ್‌ಬಾಲ್ ಲೀಗ್ ಶುರುವಾಯ್ತು, ಮೂರೇ ಸೀಸನ್, 2003ರ ವರ್ಲ್ಡ್ ಕಪ್‌ಗೆ ಕೆಲವೇ ದಿನ ಇರೋವಾಗ ದುಡ್ಡಿಲ್ದೆ ಮುಚ್ತು. ಇದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ! ಸೋಲನ್ನ ಮುಚ್ಚಿಟ್ರೆ ಹೊಗಳಿಕೆಯನ್ನೂ ಯಾರೂ ನಂಬಲ್ಲ. ಅಣ್ಣ ಗ್ಯಾರೆಟ್ ರಕ್ತದ ಕಾಯಿಲೆಯಿಂದ 1997ರಲ್ಲಿ ತೀರ್ಕೊಂಡಿದ್ದು, ಆಮೇಲೆ ಅಸ್ಥಿಮಜ್ಜೆ ರೋಗಿಗಳಿಗೆ ಅಂತ ಫೌಂಡೇಶನ್ ಮಾಡಿದ್ದು ಬರ್ದಿದೀರ, ಚೆನ್ನಾಗಿದೆ, ಮುಟ್ಟಬೇಡಿ.

ಇನ್ನೊಂದು. 158ರ ದಾಖಲೆ 2013ರಲ್ಲಿ ಮುರೀತು ಅಂತ ಏನೋ ದುಃಖದ ಸುದ್ದಿ ಥರ ಬರ್ದಿದೀರ. ಮುರಿದೋರು ಆ್ಯಬಿ ವಾಂಬಾಕ್, ವಾಷಿಂಗ್ಟನ್ ಫ್ರೀಡಂ ಟೀಮಲ್ಲಿ ಹ್ಯಾಮ್ ಜೊತೆಗೇ ಆಡಿದೋರು. ಹ್ಯಾಮ್ ಕೊನೇ ಒಲಿಂಪಿಕ್ಸ್, 2004 ಅಥೆನ್ಸ್ ಫೈನಲ್‌ನಲ್ಲಿ ಬ್ರೆಜಿಲ್ ಮೇಲೆ ಎಕ್ಸ್ಟ್ರಾ ಟೈಮಲ್ಲಿ ಹೆಡರ್ ಹೊಡೆದು ಚಿನ್ನ ಗೆಲ್ಸಿದ್ದೂ ಈ ವಾಂಬಾಕ್ ಅವರೇ. ಪರಂಪರೆ ಅಂತ ಹುಡುಕ್ತಿದ್ರಲ್ಲ, ಇಲ್ಲೇ ಇದೆ ನೋಡಿ.

ಅರ್ಧಕ್ಕೆ ಇಳಿಸಿ ಕಳ್ಸಿ, ಮೆಸ್ಸಿ ಹೋಲಿಕೆ ತೆಗೀರಿ. ಗೂಗಲ್‌ನಿಂದ ಇಳಿಸಿದ ಫೋಟೋ ಮಾತ್ರ ಕಳ್ಸಬೇಡಿ, ಕಾಪಿರೈಟ್ ತಲೆನೋವು ನಮಗೇ ಬರುತ್ತೆ.