ಹಳೇ ಆಲ್ಟೊಗೆ ಬೆಲ್ಟ್, ಹೋಸ್ ಎಲ್ಲಾ ಬದಲಿಸಬೇಕಾ?

ಅಣ್ಣ, 2014ರ ಆಲ್ಟೊ 800 ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀರಿ, ಓಡಿರುವುದು 58 ಸಾವಿರ. ಚಿಂತಾಮಣಿಯ ಗ್ಯಾರೇಜಿನವರು ಬೆಲ್ಟು, ಹೋಸು ಎಲ್ಲಾ ಹೊಸದು ಹಾಕಿಸಿ ಅಂದರಂತೆ. ಗಾಡಿ ಚೆನ್ನಾಗೇ ಓಡುತ್ತಿದೆಯಲ್ಲ ಅಂತ ನಿಮ್ಮ ಪ್ರಶ್ನೆ. ಎಲ್ಲಾ ಬೇಡ. ಆದರೆ ಟೈಮಿಂಗ್ ಬೆಲ್ಟ್, ಅಂದರೆ ಇಂಜಿನ್ ಒಳಗೆ ಪಿಸ್ಟನ್ನೂ ವಾಲ್ವೂ ಲಯ ತಪ್ಪದ ಹಾಗೆ ನೋಡಿಕೊಳ್ಳುವ ಬೆಲ್ಟು, ಅದನ್ನು ಮಾತ್ರ ನಾಳೆ ನಾಡಿದ್ದು ಅನ್ನಬೇಡಿ.

ಆಲ್ಟೊದಲ್ಲೇ ಕೆ10 ಮಾಡೆಲ್ ಆಗಿದ್ದರೆ ಬೆಲ್ಟಿನ ಬದಲು ಚೈನ್ ಇರುತ್ತಿತ್ತು. 800ಕ್ಕೆ ರಬ್ಬರ್ ಬೆಲ್ಟ್. ಕವರ್ ಒಳಗೆ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಸಾಮಾನ್ಯವಾಗಿ ಸದ್ದೂ ಮಾಡುವುದಿಲ್ಲ. ಒಂದು ದಿನ ತುಂಡಾದರೆ ಇಂಜಿನ್ ಅಲ್ಲೇ ಆಫ್. ಎಷ್ಟೋ ಇಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಹೊಡೆದು ಹೆಡ್, ಅಂದರೆ ಇಂಜಿನ್ನಿನ ಮೇಲ್ಭಾಗ, ಬಿಚ್ಚುವ ಕೆಲಸ ಬರುತ್ತದೆ. ಗಾಡಿ ಜೊತೆ ಬರುವ ಪುಸ್ತಕದಲ್ಲಿ ಎಷ್ಟು ಕಿ.ಮೀ.ಗೆ ಅಂತ ನೋಡಿ. ಬಹಳಷ್ಟು ಕಾರುಗಳಿಗೆ 60 ಸಾವಿರದಿಂದ 1 ಲಕ್ಷದ ಒಳಗೆ ಇರುತ್ತದೆ. ನಿಮ್ಮದು ಅಷ್ಟು ಓಡಿಲ್ಲ, ನಿಜ. ಆದರೆ ಹತ್ತು ವರ್ಷ ದಾಟಿದ ರಬ್ಬರು, ಶೆಡ್ಡಲ್ಲಿ ನಿಂತಿದ್ದರೂ ಹಳೇದಾಗುತ್ತದೆ. ಹಿಂದಿನ ಓನರ್ ಬದಲಿಸಿದ ಬಿಲ್ ಇದ್ದರೆ ಸರಿ, ಬಾಯಿಮಾತು ಬೇಡ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಬೇರಿಂಗನ್ನೂ ಆಗಲೇ ಹಾಕಿಸಿ. ಬಿಚ್ಚುವ ಕೂಲಿ ಒಂದೇ.

ಹೊರಗಿನ ಬೆಲ್ಟ್ ಬೇರೆ. ಎಲ್ಲರೂ ಫ್ಯಾನ್ ಬೆಲ್ಟ್ ಅಂತಾರೆ, ಫ್ಯಾನಿಗೂ ಅದಕ್ಕೂ ಸಂಬಂಧವೇ ಇಲ್ಲ, ಫ್ಯಾನ್ ಕರೆಂಟಿನದು. ಅದು ತಿರುಗಿಸುವುದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮತ್ತು ಇಂಜಿನ್ ತಣ್ಣಗಿಡುವ ನೀರನ್ನು ಓಡಿಸುವ ವಾಟರ್ ಪಂಪ್. ಬೆಲ್ಟ್ ಹಾಳಾಗುವ ಮುಂಚೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಿರ್ರ್ ಅನ್ನುತ್ತದೆ. ಮಗುಚಿ ನೋಡಿ, ಬಿರುಕು ಇದ್ದರೆ ಬದಲಿಸಿ. ಓಡಿಸುವಾಗ ಬ್ಯಾಟರಿ ಲೈಟ್ ಹತ್ತಿದರೆ ತಕ್ಷಣ ನಿಲ್ಲಿಸಿ. ಬೆಲ್ಟ್ ಕಿತ್ತುಹೋಗಿದ್ದರೆ ಮುಂದಿನದು ಹೀಟ್.

ಹೋಸ್, ಅಂದರೆ ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಆ ನೀರು ಓಡಾಡುವ ರಬ್ಬರ್ ಪೈಪು, ಅದು ಮಾತ್ರ ಕೈಗೆ ಗೊತ್ತಾಗುತ್ತದೆ. ಇಂಜಿನ್ ಪೂರ್ತಿ ಆರಿದ ಮೇಲೆ ಹಿಸುಕಿ, ಅದರಲ್ಲೂ ಕ್ಲಿಪ್ಪಿನ ಪಕ್ಕ. ಮೆತ್ತಗಾಗಿದ್ದರೆ, ಊದಿದ್ದರೆ, ಇಲ್ಲಾ ಒಳಗೆ ಕರಕರ ಅಂದರೆ ಹೋಯಿತು ಅಂತ. ಹೊರಗಿನ ಹೊಳಪು ನಂಬಬೇಡಿ. ಕೈವಾರದ ಹತ್ತಿರ ನನ್ನ ಗಾಡಿಯ ಮೇಲಿನ ಹೋಸ್ ಸೀಳಿದಾಗ ನೋಡಲು ಹೊಸದರ ಹಾಗೇ ಇತ್ತು. ಸೀಳಿದ ತುದಿ ಕೊಯ್ದು, ಮತ್ತೆ ಕ್ಲಿಪ್ ಬಿಗಿದು, ಪಕ್ಕದ ಟೊಮೆಟೊ ತೋಟದ ಬೋರ್ ನೀರು ತುಂಬಿಸಿ ಮನೆ ಸೇರಿದೆ. ಅದು ತಪ್ಪಲ್ಲ. ಆ ನೀರನ್ನೇ ಆರು ತಿಂಗಳು ಬಿಟ್ಟಿದ್ದು ತಪ್ಪು. ನಮ್ಮ ಕಡೆ ಬೋರ್ ನೀರಿಗೆ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತಲ್ವಾ, ರೇಡಿಯೇಟರ್ ಒಳಗೂ ಅದೇ ಕಟ್ಟಿತ್ತು. ಹೋಸಿಗಿಂತ ಅದಕ್ಕೇ ಜಾಸ್ತಿ ಖರ್ಚಾಯಿತು. ಕೂಲೆಂಟ್‌ಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಬೆರೆಸಿ. ಮತ್ತೆ, ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ, ಕೈ ಮುಖ ಸುಟ್ಟುಕೊಳ್ಳುತ್ತೀರಿ.

ಯಾರೂ ಕೇಳದ ಇನ್ನೊಂದು, ಬ್ರೇಕ್ ಆಯಿಲ್. ಗಾಳಿಯ ತೇವ ಎಳೆದುಕೊಳ್ಳುತ್ತದೆ, ಆಗ ಬೇಗ ಕುದಿಯುತ್ತದೆ. ನಂದಿ ಬೆಟ್ಟ ಇಳಿಯುವಾಗ ಪೆಡಲ್ ಮೆತ್ತಗಾದರೆ ಇದೂ ಒಂದು ಕಾರಣ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಇಳಿಯುವಾಗ ಸೆಕೆಂಡ್ ಗೇರಲ್ಲೇ ಇಳಿಯಿರಿ.

ಟೈರೂ ರಬ್ಬರೇ, ಅದು ತಯಾರಾದದ್ದು ಯಾವಾಗ ಅಂತ ಸೈಡಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಅಂದರೆ 2018ರ 23ನೇ ವಾರ. ಅದನ್ನೂ ನೋಡಿಬಿಡಿ.

ಟೈಮಿಂಗ್ ಬೆಲ್ಟ್ ಹಾಕಿಸಿದಾಗ ಹಳೇದನ್ನು ಕೇಳಿ ಇಸ್ಕೊಳ್ಳಿ. ಹಲ್ಲು ಕಾಣುವ ಹಾಗೆ ಒಂದು ಫೋಟೊ ಇಲ್ಲಿ ಹಾಕಿ, ನೋಡೋಣ.