ಮಧ್ಯಾಹ್ನದ ಆ ಇಪ್ಪತ್ತು ನಿಮಿಷ: ದುಃಖವೋ, ದೇವರ ಕರೆಯೋ?

ಪ್ರಶ್ನೆ: ಫಾದರ್, ನನಗೆ 36 ವರ್ಷ. ಮೈಸೂರಿನ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ. ಗಂಡ, ಇಬ್ಬರು ಮಕ್ಕಳು. ಹುಟ್ಟಿನಿಂದ ಕಥೋಲಿಕಳಾದರೂ ಭಾನುವಾರದ ಪೂಜೆ, ಕ್ರಿಸ್ಮಸ್, ಈಸ್ಟರ್ ಬಿಟ್ಟರೆ ದೇವರ ಜೊತೆ ಹೆಚ್ಚಿನ ಒಡನಾಟ ಇರಲಿಲ್ಲ. ಎಂಟು ತಿಂಗಳ ಹಿಂದೆ ಅಪ್ಪ ತೀರಿಕೊಂಡರು. ಆಗಿನಿಂದ ಊಟದ ಬಿಡುವಿನಲ್ಲಿ ಚರ್ಚಿಗೆ ಹೋಗಿ ಇಪ್ಪತ್ತು ನಿಮಿಷ ಸುಮ್ಮನೆ ಕೂರುತ್ತೇನೆ. ಏನನ್ನೂ ಬೇಡುವುದಿಲ್ಲ. ಯಾರೋ ನನಗಾಗಿ ಕಾದಿದ್ದಾರೆ ಅನಿಸುತ್ತದೆ. ಪ್ರಾರ್ಥನಾ ಕೂಟದ ಹಿರಿಯರೊಬ್ಬರು, ‘ದೇವರು ನಿನ್ನನ್ನು ಪೂರ್ಣಾವಧಿ ಸೇವೆಗೆ ಕರೆಯುತ್ತಿದ್ದಾರೆ, ಕೆಲಸ ಬಿಡು’ ಅಂದರು. ಗುರುತು ಸಿಗಲೆಂದು ಕಣ್ಣುಮುಚ್ಚಿ ಬೈಬಲ್ ತೆರೆದು ಬೆರಳಿಟ್ಟೆ. ಒಂದು ದಿನ ಅಬ್ರಹಾಮನಿಗೆ ‘ಊರು ಬಿಟ್ಟು ಹೊರಡು’ ಎಂದ ಮಾತು ಬಂತು, ಮರುದಿನ ಬರೀ ವಂಶಾವಳಿ. ನನ್ನ ಗಂಡ, ‘ಇದೆಲ್ಲ ಮಾವನವರ ನೆನಪು, ಕಾಲ ಕಳೆದರೆ ಸರಿಹೋಗುತ್ತೆ’ ಅನ್ನುತ್ತಾರೆ. ಇದು ದುಃಖವೋ, ದೇವರ ಕರೆಯೋ? ತಿಳಿಯುವುದು ಹೇಗೆ?

ಉತ್ತರ: ಪ್ರಿಯ ಸಹೋದರಿ, ಮೊದಲು ನಿಮ್ಮ ತಂದೆಯವರ ಆತ್ಮಕ್ಕೆ ಚಿರಶಾಂತಿ ಕೋರುತ್ತೇನೆ. ದುಃಖವೋ ದೇವರೋ ಎಂದು ಎರಡರಲ್ಲಿ ಒಂದನ್ನು ಆರಿಸಿಕೊಡಿ ಎಂಬಂತೆ ಕೇಳಿದ್ದೀರಿ. ಅದನ್ನು ನಾನು ಆರಿಸಿಕೊಡಲಾರೆ, ಏಕೆಂದರೆ ಅವೆರಡೂ ಒಂದೇ ಬಾಗಿಲಿನಿಂದ ಒಳಗೆ ಬಂದದ್ದನ್ನು ಬಹಳ ಸಲ ಕಂಡಿದ್ದೇನೆ.

1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫ್ರೆಂಚರ ಫಿರಂಗಿ ಗುಂಡು ತಗುಲಿ ಸುಮಾರು ಮೂವತ್ತು ವರ್ಷದ ಯೋಧನೊಬ್ಬನ ಕಾಲು ಮುರಿಯಿತು. ಮೂಳೆ ಸರಿಯಾಗಿ ಕೂಡಲಿಲ್ಲವೆಂದು ಮತ್ತೆ ಮುರಿದು ಕೂಡಿಸಿದರು. ತಿಂಗಳುಗಟ್ಟಲೆ ಹಾಸಿಗೆ. ಹೊತ್ತು ಹೋಗಲೆಂದು ವೀರರ ಪ್ರಣಯಕಥೆಗಳನ್ನು ಕೇಳಿದ, ಮನೆಯಲ್ಲಿ ಅವು ಇರಲಿಲ್ಲ. ಇದ್ದದ್ದು ಕ್ರಿಸ್ತನ ಜೀವನಚರಿತ್ರೆ ಮತ್ತು ಸಂತರ ಕಥೆಗಳು. ಈತನೇ ಸಂತ ಇಗ್ನೇಷಿಯಸ್ ಲೊಯೋಲಾ. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ ಯೇಸುಸಭೆ, ಅಂದರೆ ಜೆಸ್ವಿಟ್ ಗುರುಗಳ ಸಂಘ, ಇವರಿಂದಲೇ ಹುಟ್ಟಿದ್ದು. ಆ ಗಾಯ ಆಗದಿದ್ದರೆ ಆ ಪುಸ್ತಕಗಳನ್ನು ಅವರು ಕೈಗೆತ್ತಿಕೊಳ್ಳುತ್ತಲೇ ಇರಲಿಲ್ಲ. ಹಾಗೆಂದು ದೇವರೇ ಗುಂಡು ಹಾರಿಸಿದರು ಎಂದು ನಾನು ಹೇಳುವುದಿಲ್ಲ, ನಿಮ್ಮ ಅಪ್ಪನನ್ನು ನಿಮ್ಮನ್ನು ಕರೆಯುವುದಕ್ಕಾಗಿ ದೇವರು ಕರೆದುಕೊಂಡರು ಎಂದಂತೂ ಖಂಡಿತ ಹೇಳುವುದಿಲ್ಲ. ಯಾರಾದರೂ ಹಾಗೆ ಹೇಳಿದರೆ ನಂಬಬೇಡಿ. ಎದೆ ಬಿರುಕು ಬಿಟ್ಟಾಗ ಒಳಗೆ ಬೆಳಕೂ ಬರಬಹುದು, ಅಷ್ಟೇ ನನ್ನ ಮಾತು.

ಆ ಹಾಸಿಗೆಯಲ್ಲೇ ಇಗ್ನೇಷಿಯಸ್ ಒಂದು ಸಣ್ಣ ಸಂಗತಿ ಗಮನಿಸಿದರು. ರಾಜಮನೆತನದ ಹೆಣ್ಣೊಬ್ಬಳ ಮೆಚ್ಚುಗೆ ಗಳಿಸುವ ಕನಸು ಕಾಣುತ್ತಿದ್ದಾಗ ಖುಷಿಯಾಗುತ್ತಿತ್ತು, ಆದರೆ ಕನಸು ಮುಗಿದ ಮೇಲೆ ಮನಸ್ಸು ಒಣಗಿ ಬೇಸರವಾಗುತ್ತಿತ್ತು. ಸಂತರಂತೆ ಬಾಳುವ ಕನಸು ಕಂಡಾಗಲೂ ಖುಷಿಯೇ, ಆದರೆ ಅದು ಮುಗಿದ ಮೇಲೂ ತಂಪು ಉಳಿಯುತ್ತಿತ್ತು. ಆಗುವ ಹೊತ್ತಿನಲ್ಲಿ ಎರಡೂ ಒಂದೇ. ವ್ಯತ್ಯಾಸ ಕಂಡದ್ದು ಆಮೇಲೆ. ಮುಂದೆ ‘ಆತ್ಮಿಕ ಸಾಧನೆ’ಗಳು ಎಂಬ ತಮ್ಮ ಪುಸ್ತಕದಲ್ಲಿ ಅವರು ಕಲಿಸಿದ ವಿವೇಚನೆಗೆಲ್ಲ, ಅಂದರೆ ಮನಸ್ಸಿನ ಯಾವ ಸೆಳೆತ ದೇವರದು ಎಂದು ಗುರುತಿಸುವುದಕ್ಕೆಲ್ಲ, ಇದೇ ಬೇರು.

ನಿಮ್ಮ ವಿಷಯದಲ್ಲೂ ಚರ್ಚಿನೊಳಗಿನ ಇಪ್ಪತ್ತು ನಿಮಿಷದ ಬಗ್ಗೆ ನನಗೆ ಅಷ್ಟು ಕುತೂಹಲವಿಲ್ಲ. ಮೂರು ಗಂಟೆಗೆ ಪಿಂಚಣಿ ಕೇಳಲು ಬಂದ ಅಜ್ಜಿ ಮೂರನೇ ಸಲ ತಪ್ಪು ಫಾರಂ ತುಂಬಿ ಕೊಟ್ಟಾಗ ನಿಮ್ಮ ದನಿ ಹೇಗಿರುತ್ತದೆ? ಸಂಜೆ ಮಗನ ಗಣಿತದ ಲೆಕ್ಕಕ್ಕೆ ತಾಳ್ಮೆ ಉಳಿದಿರುತ್ತದೆಯೇ, ಅಥವಾ ಮನೆಯವರೆಲ್ಲ ನಿಮ್ಮ ಪ್ರಾರ್ಥನೆಗೆ ಅಡ್ಡಿ ಎನಿಸುತ್ತಾರೆಯೇ? ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದಲ್ಲಿ ಪವಿತ್ರಾತ್ಮರ ಫಲಗಳನ್ನು ಎಣಿಸುತ್ತಾರೆ: ಪ್ರೀತಿ, ಆನಂದ, ಶಾಂತಿ, ಸಹನೆ, ದಯೆ ಎಂದು ಸಾಗುತ್ತದೆ ಆ ಸಾಲು. ದರ್ಶನ, ಕಣ್ಣೀರು, ಮೈ ಜುಮ್ಮೆನ್ನುವುದು ಅದರಲ್ಲಿಲ್ಲ. ಆ ಸಾಲಿನಲ್ಲಿರುವ ಪ್ರತಿಯೊಂದಕ್ಕೂ ಎದುರಿಗೆ ಇನ್ನೊಬ್ಬ ಮನುಷ್ಯ ಬೇಕಾಗುತ್ತಾನೆ.

ಇನ್ನು ಕೆಲಸ ಬಿಡುವ ಮಾತು. ಈಗ ಬಿಡಬೇಡಿ. ಆಳವಾದ ವಿಶ್ವಾಸ ಅಂದರೆ ಎಲ್ಲವನ್ನೂ ಬಿಟ್ಟು ಹೊರಡುವುದು ಎಂಬ ಒಂದೇ ಚಿತ್ರ ನಮ್ಮ ತಲೆಯಲ್ಲಿ ಕೂತಿದೆ. ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಶುಭಸಂದೇಶ ಓದಿದರೆ ಹಾಗಿಲ್ಲ. ಸುಂಕ ವಸೂಲಿ ಮಾಡುತ್ತಿದ್ದ ಮತ್ತಾಯ ಸುಂಕದ ಕಟ್ಟೆಯಿಂದ ಎದ್ದು ಯೇಸುವಿನ ಹಿಂದೆ ಹೊರಟರು, ನಿಜ. ಅದೇ ಸುಂಕದ ಕಸುಬಿನ ಜಕ್ಕಾಯ ಅರ್ಧ ಆಸ್ತಿ ಬಡವರಿಗೆ ಕೊಡುತ್ತೇನೆ, ಮೋಸದಿಂದ ಪಡೆದದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆ ಅಂದ. ‘ಈಗ ನನ್ನ ಹಿಂದೆ ಬಾ’ ಎಂದು ಯೇಸು ಅವನಿಗೆ ಹೇಳಲಿಲ್ಲ, ರಕ್ಷಣೆ ಅವನ ಮನೆಗೇ ಬಂತು ಅಂದರು. ಮಾರ್ಕನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ ಸಮಾಧಿಗಳ ನಡುವೆ ಅಲೆಯುತ್ತಿದ್ದವನೊಬ್ಬ ಗುಣವಾದ ಮೇಲೆ, ‘ನಾನೂ ನಿಮ್ಮೊಡನೆ ಬರುತ್ತೇನೆ’ ಎಂದು ದೋಣಿ ಹತ್ತುತ್ತಿದ್ದ ಯೇಸುವನ್ನು ಬೇಡಿಕೊಂಡ. ಸ್ವಾಮಿ ಒಪ್ಪಲಿಲ್ಲ. ಮನೆಗೆ, ನಿನ್ನವರ ಬಳಿಗೆ ಹೋಗು ಅಂದರು. ಧ್ಯಾನಕೂಟಗಳಲ್ಲಿ ಈ ಭಾಗ ಓದಿದಾಗಲೆಲ್ಲ ಯಾರಾದರೊಬ್ಬರ ಕಣ್ಣು ತುಂಬುತ್ತದೆ. ನಾನಂತೂ ಅದನ್ನು ನಿರಾಕರಣೆ ಎಂದು ಓದುವುದಿಲ್ಲ. ಅವನಿಗೆ ಸಿಕ್ಕ ಕರೆಯೇ ಅದು.

ನಿಮಗೆ ಸಲಹೆ ಕೊಟ್ಟ ಹಿರಿಯರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಬಾಲಕ ಸಮುವೇಲನ ಕಥೆ ನೋಡಿ. ರಾತ್ರಿ ಯಾರೋ ಕರೆದಂತಾಗಿ ಹುಡುಗ ಮೂರು ಸಲ ಮುದುಕ ಯಾಜಕ ಏಲಿಯ ಬಳಿ ಓಡಿದ. ಕರೆಯುತ್ತಿರುವವರು ಯಾರೆಂದು ಏಲಿಗೆ ಕೊನೆಗೆ ಹೊಳೆಯಿತು. ಆದರೂ ‘ದೇವರು ನಿನಗೆ ಹೀಗೆ ಹೇಳುತ್ತಿದ್ದಾರೆ’ ಎಂದು ತಾನೇ ಬಾಯಿಹಾಕಲಿಲ್ಲ. ಹೋಗಿ ಮಲಗು, ಮತ್ತೆ ಕರೆದರೆ ಅಪ್ಪಣೆಯಾಗಲಿ ಎನ್ನು ಅಂದ. ನಿಮಗೆ ಬೇಕಿರುವುದು ಇಂಥ ಏಲಿ. ನಿಮ್ಮ ಧರ್ಮಕೇಂದ್ರದ ಗುರುಗಳಿರಲಿ, ಅನುಭವಸ್ಥ ಸಿಸ್ಟರ್ ಒಬ್ಬರಿರಲಿ, ಮುಕ್ಕಾಲು ಪಾಲು ಕೇಳಿಸಿಕೊಂಡು ಕಾಲು ಪಾಲು ಮಾತಾಡುವವರನ್ನು ಹುಡುಕಿ ತಿಂಗಳಿಗೊಮ್ಮೆ ಭೇಟಿಯಾಗಿ.

ಬೈಬಲಿನ ಮೇಲೆ ಬೆರಳಿಡುವುದನ್ನು ಇಂದೇ ನಿಲ್ಲಿಸಿ. ಸಂತ ಅಗಸ್ಟೀನರು 386ರಲ್ಲಿ ಮಿಲಾನಿನ ತೋಟದಲ್ಲಿ ಹಾಗೆಯೇ ಪುಸ್ತಕ ತೆರೆದು ದೇವರ ಕಡೆ ತಿರುಗಿದರಲ್ಲವೇ ಎಂದು ನೀವು ಕೇಳಬಹುದು. ಹೌದು, ಆದರೆ ಅದರ ಹಿಂದೆ ವರ್ಷಗಳ ಹುಡುಕಾಟವಿತ್ತು, ಬಿಷಪ್ ಅಂಬ್ರೋಸರ ಪ್ರಸಂಗಗಳಿದ್ದವು, ತಾಯಿ ಮೋನಿಕಾರ ಕಣ್ಣೀರಿತ್ತು. ಬೆರಳಿಡುವ ಬದಲು ಮಾರ್ಕನ ಶುಭಸಂದೇಶವನ್ನು ಮೊದಲಿನಿಂದ ದಿನಕ್ಕೆ ಹತ್ತೇ ಸಾಲಿನಂತೆ ಓದಿ. ಒಂದು ಮಾತು ಎಲ್ಲಿ ತಡೆದು ನಿಲ್ಲಿಸುತ್ತದೋ ಅಲ್ಲೇ ನಿಲ್ಲಿ.

ಅವಸರ ಬೇಡ ಎಂದಾಗ ಮದರ್ ತೆರೇಸಾ ನೆನಪಾಗುತ್ತಾರೆ. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ ಕಡುಬಡವರ ಸೇವೆಯ ಕರೆ ಅವರಿಗೆ ಸ್ಪಷ್ಟವಾಗಿ ಬಂತು. ಆದರೂ ಆರ್ಚ್‌ಬಿಷಪ್ಪರು ಅದನ್ನು ಪರೀಕ್ಷಿಸಿ ನೋಡುವವರೆಗೆ ಕಾದು, ಲೊರೆಟೊ ಕಾನ್ವೆಂಟಿನಿಂದ ಹೊರಬಂದದ್ದು 1948ರ ಆಗಸ್ಟ್‌ನಲ್ಲಿ. ಆಮೇಲೆ ದಶಕಗಳ ಕಾಲ ಪ್ರಾರ್ಥನೆಯಲ್ಲಿ ಅವರಿಗೆ ಕತ್ತಲೆ, ಬರಡುತನ. 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗಲೇ ಲೋಕಕ್ಕೆ ಅದು ಚೆನ್ನಾಗಿ ತಿಳಿದದ್ದು. ನಿಮಗೂ ಒಂದು ದಿನ ಚರ್ಚು ಬರೀ ಕಲ್ಲುಗೋಡೆ ಎನಿಸಬಹುದು, ಯಾರೂ ಕಾದಿಲ್ಲ ಎನಿಸಬಹುದು. ಆ ದಿನ ಕರೆ ಸುಳ್ಳಾಗಿತ್ತು ಎಂದು ತೀರ್ಮಾನಿಸಬೇಡಿ. ಮನಸ್ಸು ಒಣಗಿದ ಹೊತ್ತಿನಲ್ಲಿ ಹಿಂದಿನ ನಿರ್ಧಾರವನ್ನು ಬದಲಿಸಬಾರದು ಎಂಬುದು ಇಗ್ನೇಷಿಯಸರ ಕಟ್ಟುನಿಟ್ಟಿನ ನಿಯಮ. ಭಾವ ಉಕ್ಕಿ ಬಂದ ಹೊತ್ತಿನಲ್ಲಿ ಹೊಸ ಹರಕೆ ಹೊರಲೂ ಬೇಡಿ.

ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ಒಂದು ನೋಟ್‌ಬುಕ್ ಹಿಡಿಯಿರಿ. ಈ ದಿನ ಯಾವುದಕ್ಕೆ ಕೃತಜ್ಞಳು, ಎಲ್ಲಿ ಮನಸ್ಸು ಅರಳಿತು, ಎಲ್ಲಿ ಮುದುಡಿತು, ಯಾರನ್ನು ನೋಯಿಸಿದೆ, ನಾಳೆ ಏನು ಬೇಕು ಎಂದು ನಾಲ್ಕು ಸಾಲು ಬರೆಯಿರಿ. ಅಪ್ಪನ ನೆನಪಾಗಿ ಅತ್ತಿದ್ದರೆ ಅದನ್ನೂ ಬರೆಯಿರಿ. ಮೂರು ತಿಂಗಳಾದ ಮೇಲೆ ಒಟ್ಟಿಗೆ ಕೂತು ಓದಿದರೆ ಒಂದು ದಿಕ್ಕು ಕಾಣುತ್ತದೆ. ಅದನ್ನು ನಿಮ್ಮ ಮಾರ್ಗದರ್ಶಕರಿಗೆ ತೋರಿಸಿ. ಈ ನಡುವೆ ನಿದ್ದೆ, ಊಟ ಕೆಟ್ಟರೆ, ಬದುಕೇ ಬೇಡ ಎನಿಸಿದರೆ, ‘ಈಗಲೇ ಇದನ್ನು ಮಾಡು’ ಎಂದು ದನಿ ಕೇಳಿಸಿ ಹೆದರಿಸಿದರೆ ಮೊದಲು ವೈದ್ಯರನ್ನು ಕಾಣಿ. ಅದು ವಿಶ್ವಾಸದ ಕೊರತೆಯಲ್ಲ.

ನಿಮ್ಮ ಗಂಡನ ಮಾತಿನಲ್ಲಿ ಹೆದರಿಕೆ ಕೇಳಿಸುತ್ತಿದೆ. ಹೆಂಡತಿ ತನಗೆ ಗೊತ್ತಿಲ್ಲದ ಕಡೆಗೆ ಹೊರಟುಬಿಡುತ್ತಾಳೇನೋ ಎಂಬ ಹೆದರಿಕೆ. ವಿವಾಹ ಸಂಸ್ಕಾರದಲ್ಲಿ ದೇವರು ನಿಮಗೆ ಕೊಟ್ಟ ಮೊದಲ ಕರೆ ಅವರೇ. ಅವರನ್ನು ವಾದದಲ್ಲಿ ಗೆಲ್ಲಲು ಹೋಗಬೇಡಿ. ಒಂದು ಶನಿವಾರ ಬಿಡುವಾದಾಗ ಕರೆದುಕೊಂಡು ಹೋಗಿ ನೀವು ದಿನವೂ ಕೂರುವ ಬೆಂಚಿನಲ್ಲೇ ಪಕ್ಕ ಕೂರಿಸಿಕೊಳ್ಳಿ. ಏನೂ ವಿವರಿಸಬೇಡಿ. ಇಪ್ಪತ್ತು ನಿಮಿಷ ಕೂತು, ಎದ್ದು, ಇಬ್ಬರೂ ಎಲ್ಲಾದರೂ ಕಾಫಿ ಕುಡಿದು ಮನೆಗೆ ಹೋಗಿ.