ಪಲ್ಸರ್ ಚಕ್ರದ ಗಿಳಿಹಸಿರು ಬಣ್ಣ: ಕೆರೆಯುವ ಮೊದಲು ಒಂದು ಸಲ ಒರೆಸಿ ನೋಡಿ

ಸೆಕೆಂಡ್ ಹ್ಯಾಂಡ್ ಪಲ್ಸರ್ 150 ತಗೊಂಡಿದ್ದೀರಿ. ಹಿಂದಿನ ಓನರ್ ಅಲಾಯ್ ಚಕ್ರಕ್ಕೆ ಸ್ಪ್ರೇ ಡಬ್ಬಿಯಿಂದ ಗಿಳಿಹಸಿರು ಹೊಡೆದಿದ್ದಾರೆ, ಈಗ ಅಲ್ಲಲ್ಲಿ ಸಿಪ್ಪೆ ಏಳುತ್ತಿದೆ, ಹೇಗೆ ತೆಗೆಯೋದು ಅಂತ ಕೇಳಿದ್ದೀರಿ. ಫೋಟೊ ನೋಡಿದೆ. ಬಣ್ಣ ಸೋರಿ, ಮೇಣದಬತ್ತಿ ಕರಗಿದ ಹಾಗೆ ಅಂಚಿನಲ್ಲಿ ನಿಂತಿದೆ. ವಾಲ್ವ್ ಮೇಲೂ ಹಸಿರು, ಡಿಸ್ಕ್ ಬೋಲ್ಟ್ ಮೇಲೂ ಹಸಿರು! ಅಂದ್ರೆ ಚಕ್ರ ಬಿಚ್ಚಿಲ್ಲ, ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಮುಟ್ಟಿಸಿಲ್ಲ, ಚೈನಿನ ಜಿಡ್ಡಿನ ಮೇಲೇ ಹೊಡೆದಿದ್ದಾರೆ. ಒಂದು ರೀತಿಯಲ್ಲಿ ನಿಮ್ಮ ಅದೃಷ್ಟ. ಸರಿಯಾಗಿ ಉಜ್ಜಿ ಹೊಡೆದಿದ್ದರೆ ಇದಕ್ಕಿಂತ ಜಾಸ್ತಿ ಕಷ್ಟ ಇರುತ್ತಿತ್ತು.

ಈ ಗ್ರೂಪಿನಲ್ಲಿ ನಿಮಗೆ ಉತ್ತರ ಕೊಟ್ಟ ಎಲ್ಲರೂ ಲೋಹ ಕಾಣುವ ತನಕ ಕೆರೆಯಿರಿ ಅಂತಿದ್ದಾರೆ. ನಾನು ಹೇಳುವುದು ಬೇರೆ. ಆ ಹಸಿರಿನ ಕೆಳಗೆ ಕಂಪನಿಯ ಕಪ್ಪು ಬಣ್ಣ ಇನ್ನೂ ಚೆನ್ನಾಗಿಯೇ ಇರಬಹುದು. ಅದನ್ನು ಯಾಕೆ ಹಾಳು ಮಾಡಬೇಕು? ಸ್ಪ್ರೇ ಡಬ್ಬಿಯ ಬಣ್ಣ ಹೆಚ್ಚಾಗಿ ಥಿನ್ನರ್ ಆರಿ ಗಟ್ಟಿಯಾಗುವಂಥದ್ದು. ಮತ್ತೆ ಥಿನ್ನರ್ ತಾಗಿಸಿದರೆ ಮತ್ತೆ ಕರಗುತ್ತದೆ. ಕಂಪನಿಯಲ್ಲಿ ಹೊಡೆದ ಬಣ್ಣ ಒಲೆಯಲ್ಲಿ ಬೆಂದದ್ದು, ಅಷ್ಟು ಬೇಗ ಥಿನ್ನರಿಗೆ ಜಗ್ಗುವುದಿಲ್ಲ. ಈ ವ್ಯತ್ಯಾಸವೇ ನಿಮ್ಮ ಕೆಲಸ ಅರ್ಧ ಮಾಡಿಕೊಡುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಲೀಟರ್ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ತನ್ನಿ. ಹಳೇ ಬಿಳಿ ಬನಿಯನ್ ಹರಿದು, ಒಂದು ತುಂಡನ್ನು ಥಿನ್ನರಿನಲ್ಲಿ ಅದ್ದಿ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಅರ್ಧ ನಿಮಿಷ ಒತ್ತಿ ಹಿಡಿದು ಒರೆಸಿ. ಬಟ್ಟೆಗೆ ಹಸಿರು ಬಂದು ಕೆಳಗೆ ಕಪ್ಪು ಹಾಗೇ ಉಳಿದರೆ ಗೆದ್ದಿರಿ. ಬಟ್ಟೆಗೆ ಕಪ್ಪೂ ಬರತೊಡಗಿದರೆ ನಿಲ್ಲಿಸಿ. ಕಂಪನಿ ಬಣ್ಣದ ಮೇಲೆ ಇನ್ಯಾರೋ ಒಮ್ಮೆ ಕಪ್ಪು ಹೊಡೆದಿರಬಹುದು. ಏನೂ ಬರದಿದ್ದರೆ ಅದು ಹಾರ್ಡ್‌ನರ್ (ಬಣ್ಣ ಗಟ್ಟಿಮಾಡುವ ರಾಸಾಯನಿಕ) ಹಾಕಿದ ಬಣ್ಣ ಇರಬಹುದು, ಅದಕ್ಕೆ ಬಣ್ಣ ಕೀಳುವ ರಿಮೂವರ್ ಬೇಕು.

ಹಸಿರು ಮಾತ್ರ ಬಂದರೆ ಮಾಡಬೇಕಾದ್ದು ತಾಳ್ಮೆಯ ಕೆಲಸ ಅಷ್ಟೇ. ಮೊದಲು ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಚೈನಿನ ಜಿಡ್ಡು ತೆಗೆದು, ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಆಮೇಲೆ ಅಂಗೈ ಅಗಲದಷ್ಟು ಜಾಗ ತಗೊಂಡು, ಥಿನ್ನರಿನಲ್ಲಿ ಅದ್ದಿದ ಬಟ್ಟೆ ಹೊದಿಸಿ, ಒಂದು ನಿಮಿಷ ಬಿಟ್ಟು ಒರೆಸಿ. ಬಟ್ಟೆಯ ಮಗ್ಗುಲು ಬದಲಿಸುತ್ತಾ ಇರಿ, ಇಲ್ಲದಿದ್ದರೆ ಅದೇ ಹಸಿರನ್ನು ಮತ್ತೆ ಬಳಿದ ಹಾಗಾಗುತ್ತದೆ. ಸಂದಿಗೆ ಹಳೇ ಟೂತ್‌ಬ್ರಷ್. ಸೋರಿ ಗಟ್ಟಿಯಾದ ಕಡೆ ಬಿದಿರಿನ ಚಕ್ಕೆಯಿಂದ ಮೆಲ್ಲಗೆ ಎಬ್ಬಿಸಿ, ಚಾಕು ಬೇಡ. ನನಗೆ ಒಂದು ಚಕ್ರಕ್ಕೆ ಮೂರು ಗಂಟೆ ಹಿಡಿದಿತ್ತು. ಆಮೇಲೆ ರಬ್ಬಿಂಗ್ ಕಾಂಪೌಂಡ್ (ಹೊಳಪು ತರುವ ಪೇಸ್ಟ್) ಹಾಕಿ ತಿಕ್ಕಿದ ಮೇಲೆ ಅದಕ್ಕೆ ಹೊಸ ಬಣ್ಣವೇ ಬೇಕಾಗಲಿಲ್ಲ.

ಇನ್ನು ಬಣ್ಣ ಪೂರ್ತಿ ತೆಗೆಯಲೇಬೇಕು ಅಂತಾದರೆ. ಮೊದಲು ಏನು ಮಾಡಬಾರದು ಅಂತ ಹೇಳುತ್ತೇನೆ. ಮೇಲಿನ ಉತ್ತರವೊಂದರಲ್ಲಿ ಒಬ್ಬ ಅಣ್ಣ ಕಾಸ್ಟಿಕ್ ಸೋಡಾ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಅಂದಿದ್ದಾರೆ. ದಯವಿಟ್ಟು ಬೇಡ. ಆ ತಪ್ಪು ನಾನೇ ಮಾಡಿದ್ದೇನೆ. ಮನೆಯ ಕಬ್ಬಿಣದ ಗೇಟಿನ ಚಿಲಕ ಅದರಲ್ಲಿ ಹೊಸದರ ಹಾಗೆ ಆಯಿತು ಅಂತ ಖುಷಿಯಾಗಿ, ಸ್ಕೂಟರಿನ ಅಲ್ಯೂಮಿನಿಯಂ ಬ್ರೇಕ್ ಪ್ಲೇಟನ್ನೂ ಅದೇ ಬಕೆಟ್ಟಿಗೆ ಹಾಕಿದೆ. ಬುಸಬುಸ ನೊರೆ ಉಕ್ಕಿತು, ಬಕೆಟ್ ಬಿಸಿಯಾಯಿತು, ಪ್ಲೇಟ್ ಕಪ್ಪಾಗಿ ಗುಳಿ ಬಿದ್ದು ಹೊರಗೆ ಬಂತು. ಸೋಡಾ ಕಬ್ಬಿಣವನ್ನು ಬಿಟ್ಟುಬಿಡುತ್ತದೆ, ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ನಿಮ್ಮ ಅಲಾಯ್ ಚಕ್ರವೂ ಅಲ್ಯೂಮಿನಿಯಂ ಮಿಶ್ರಲೋಹವೇ. ಏಳುವ ಗುಳ್ಳೆ ಹೈಡ್ರೋಜನ್, ಬೆಂಕಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಬ್ಲೋ ಟಾರ್ಚ್ ಹಿಡಿದು ಸುಡುವುದೂ ಬೇಡ. ಜಾಸ್ತಿ ಶಾಖಕ್ಕೆ ಅಲಾಯ್ ಮೆತ್ತಗಾಗುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಸ್ಯಾಂಡ್ ಬ್ಲಾಸ್ಟಿಂಗ್‌ಗೆ (ಗಾಳಿಯ ಒತ್ತಡದಲ್ಲಿ ಮರಳು ಹೊಡೆದು ಬಣ್ಣ ತೆಗೆಯುವುದು) ಕೊಡುವುದಾದರೆ ಸಣ್ಣ ಗ್ಲಾಸ್ ಬೀಡ್ (ಗಾಜಿನ ಮಣಿ) ಹಾಕುವವರನ್ನೇ ಹುಡುಕಿ, ಬೇರಿಂಗ್ ಕೂರುವ ಜಾಗ ಮುಚ್ಚಿಸಿ. ನನ್ನ ಗೆಳೆಯನ ಚಕ್ರಕ್ಕೆ ಒಂದು ಕಡೆ ದಪ್ಪ ಮರಳು ಹೊಡೆದು ಕೊಟ್ಟಿದ್ದರು, ಸವರಿದರೆ ಕೊಬ್ಬರಿ ತುರಿಯುವ ಮಣೆ ಸವರಿದ ಹಾಗಿತ್ತು.

ಸರಿ, ರಿಮೂವರ್. ಪೇಂಟ್ ಅಂಗಡಿಯಲ್ಲಿ ಜೆಲ್ ಥರದ್ದು ಸಿಗುತ್ತದೆ. ಡಬ್ಬಿಯ ಮೇಲೆ ಮೆಥಿಲೀನ್ ಕ್ಲೋರೈಡ್ ಅಂತ ಇದ್ದರೆ ಬಲು ಜೋರು, ಅಷ್ಟೇ ಅಪಾಯ. ಬಾತ್‌ರೂಮಿನಲ್ಲಿ, ಶೆಟರ್ ಎಳೆದ ಗ್ಯಾರೇಜಿನಲ್ಲಿ ಬಳಸಲೇಬೇಡಿ. ಅಮೆರಿಕದಲ್ಲಿ ಮುಚ್ಚಿದ ಬಾತ್‌ರೂಮಿನಲ್ಲಿ ಸ್ನಾನದ ತೊಟ್ಟಿಯ ಬಣ್ಣ ತೆಗೆಯುತ್ತಿದ್ದವರು ಇದರ ಹೊಗೆಗೇ ಸತ್ತಿದ್ದಾರೆ. 2019ರಲ್ಲಿ ಅಲ್ಲಿ ಇಂಥ ರಿಮೂವರನ್ನು ಮನೆ ಬಳಕೆಗೆ ಮಾರುವುದನ್ನೇ ನಿಷೇಧಿಸಿದರು. ಬಟ್ಟೆಯ ಮಾಸ್ಕ್ ಇದಕ್ಕೆ ಏನೂ ಮಾಡುವುದಿಲ್ಲ. ಬಯಲಲ್ಲಿ, ಗಾಳಿ ಬೆನ್ನಿಗೆ ಬರುವ ಹಾಗೆ ಕೂತು ಮಾಡಿ. ಆಸ್ಪತ್ರೆಯ ತೆಳು ಗ್ಲೌಸ್ ನಿಮಿಷಗಳಲ್ಲಿ ಸೋತುಹೋಗುತ್ತದೆ, ಈ ರಿಮೂವರನ್ನು ತಡೆಯುತ್ತದೆ ಅಂತ ಬರೆದಿರುವ ಕೆಮಿಕಲ್ ಗ್ಲೌಸ್ ಬೇಕು. ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಒಂದು ಬಕೆಟ್ ನೀರು.

ಇದಕ್ಕೆ ಚಕ್ರ ಬಿಚ್ಚಲೇಬೇಕು. ಟೈರ್ ತೆಗೆಸಿ, ಡಿಸ್ಕ್ ಬಿಚ್ಚಿ, ಹಿಂದಿನ ಚಕ್ರದ ಸ್ಪ್ರಾಕೆಟ್, ಅದರ ರಬ್ಬರ್, ಬ್ರೇಕ್ ಶೂ ಎಲ್ಲ ದೂರ ಇಡಿ. ರಿಮೂವರ್ ಬೇರಿಂಗ್ ಒಳಗೆ ಹೋದರೆ ಗ್ರೀಸ್ ಕರಗುತ್ತದೆ, ಆದ್ದರಿಂದ ಬೇರಿಂಗೂ ತೆಗೆಸಿ. ಬಿಚ್ಚುವ ಮೊದಲು ಎರಡೂ ಕಡೆ ಫೋಟೊ ತೆಗೆದುಕೊಳ್ಳಿ. ಜೆಲ್ಲನ್ನು ದಪ್ಪಗೆ, ಒಂದೇ ದಿಕ್ಕಿಗೆ ಬಳಿಯಿರಿ. ಸುಣ್ಣ ಬಳಿದ ಹಾಗೆ ಹಿಂದೆ ಮುಂದೆ ಎಳೆಯಬೇಡಿ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಬೇಗ ಆರುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಏಳುತ್ತದೆ. ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ, ಉಳಿದದ್ದಕ್ಕೆ ಇನ್ನೊಂದು ಸಲ ಬಳಿಯಿರಿ. ಕಬ್ಬಿಣದ ತಂತಿ ಬ್ರಷ್ ಬೇಡ, ನೈಲಾನ್ ಸಾಕು. ಕೊನೆಗೆ ಸೋಪಿನ ನೀರಲ್ಲಿ ಎರಡು ಸಲ ತೊಳೆಯಿರಿ. ಸಂದಿಯಲ್ಲಿ ಚೂರು ರಿಮೂವರ್ ಉಳಿದರೂ ಹೊಸ ಬಣ್ಣ ಅಲ್ಲೇ ಗುಳ್ಳೆ ಏಳುತ್ತದೆ. ಕೆರೆದ ಕಸವನ್ನು ಚರಂಡಿಗೆ ಬಿಡಬೇಡಿ.

ಮೈ ಬರಿದಾದ ಅಲಾಯ್ ಮೇಲೆ ಗಾಳಿಗೆ ತೆಳು ಪೊರೆ ಕೂರುತ್ತದೆ. ಅದಕ್ಕೇ 320, ಆಮೇಲೆ 400 ನಂಬರ್ ವಾಟರ್ ಪೇಪರ್ ಆಡಿಸಿ, ಅದೇ ದಿನ ಪ್ರೈಮರ್ ಹೊಡೆಯಬೇಕು. ರೆಡ್ ಆಕ್ಸೈಡ್ ಅಲ್ಲ ಮತ್ತೆ, ಅದು ಕಬ್ಬಿಣಕ್ಕೆ. ಇದಕ್ಕೆ ಎಚ್ (etch, ಲೋಹದ ಮೈಯನ್ನು ತುಸು ಕೊರೆದು ಹಿಡಿಯುವ) ಪ್ರೈಮರ್ ಅಥವಾ ಎಪಾಕ್ಸಿ ಪ್ರೈಮರ್. ಮಳೆ ಹಿಡಿದ ದಿನ ಹೊಡೆದರೆ ಬಣ್ಣ ಮಬ್ಬಾಗಿ ಬೆಳ್ಳಗಾಗುತ್ತದೆ, ಒಂದು ಬಿಸಿಲಿನ ಭಾನುವಾರ ಕಾಯಿರಿ. ಡಿಸ್ಕ್ ಕೂರುವ ಜಾಗಕ್ಕೆ, ಬ್ರೇಕ್ ಡ್ರಮ್ಮಿನ ಒಳಮೈಗೆ, ಟ್ಯೂಬ್‌ಲೆಸ್ ಟೈರ್ ಕಚ್ಚುವ ಅಂಚಿಗೆ ಬಣ್ಣ ಬೀಳಬಾರದು. ಪೌಡರ್ ಕೋಟಿಂಗ್ (ಪುಡಿ ಬಣ್ಣ ಹೊಡೆದು ಒಲೆಯಲ್ಲಿ ಕರಗಿಸುವುದು) ಗಟ್ಟಿ ಬರುತ್ತದೆ ನಿಜ. ಆದರೆ ಅದನ್ನು ಸುಮಾರು 180ರಿಂದ 200 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಹಳೇ ಬಣ್ಣವನ್ನು ಸುಟ್ಟು ತೆಗೆಯುತ್ತೀರಾ ಅಂತ ಮೊದಲೇ ಕೇಳಿ, ಹೌದು ಅಂದರೆ ಚಕ್ರ ವಾಪಸ್ ತನ್ನಿ.

ಆರ್‌ಎಕ್ಸ್ 100ರ ಸ್ಪೋಕ್ ರಿಮ್ಮಿಗೂ ಇದೇನಾ ಅಂತ ಕೇಳಿದವರಿಗೆ: ಕ್ರೋಮ್ ಮೇಲೆ ಬಣ್ಣ ನಿಲ್ಲುವುದೇ ಕಷ್ಟ, ಥಿನ್ನರಿಗೇ ಬರುತ್ತದೆ. ವಾಟರ್ ಪೇಪರ್ ಮಾತ್ರ ಮುಟ್ಟಿಸಬೇಡಿ, ಗೀಚಿದ ಕ್ರೋಮ್ ಮತ್ತೆ ಹೊಳೆಯುವುದಿಲ್ಲ.

ವಾಪಸ್ ಜೋಡಿಸುವಾಗ ವಾಲ್ವ್ ಹೊಸದು ಹಾಕಿಸಿ, ಟೈರ್ ತಿರುಗುವ ದಿಕ್ಕು ತೋರಿಸುವ ಬಾಣದ ಗುರುತು ನೋಡಿಕೊಳ್ಳಿ, ಡಿಸ್ಕ್ ಬೋಲ್ಟಿಗೆ ಥ್ರೆಡ್ ಲಾಕ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ. ಡಿಸ್ಕನ್ನು ಬ್ರೇಕ್ ಕ್ಲೀನರಿನಲ್ಲಿ ಒರೆಸಿ, ಖಾಲಿ ರಸ್ತೆಯಲ್ಲಿ ಮೆಲ್ಲಗೆ ಓಡಿಸಿ ಎರಡೂ ಬ್ರೇಕ್ ಹಿಡಿದು ನೋಡಿ.

ಅದೆಲ್ಲ ಆಮೇಲಿನ ಮಾತು. ಇವತ್ತು ಸಂಜೆ ಬನಿಯನ್ ತುಂಡಿನ ಪರೀಕ್ಷೆ ಮಾಡಿ, ಆ ಬಟ್ಟೆಯ ಫೋಟೊ ಹಾಕಿ. ಯಾವ ಬಣ್ಣ ಬಂದಿದೆ ಅಂತ ನೋಡಿ ಮುಂದಿನದು ಹೇಳುತ್ತೇನೆ.